ಎಡಗಾಲಿನ ಲಾಳ

ಅಪ್ಪಂದಿರಿಗೆ ಗೇಟಿನ ಒಳಗೆ ಕಾಲಿಡಲು ಬಿಡದ ಶಾಲೆಯಲ್ಲಿ ಓದಿದವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಎಂಬತ್ತರ ದಶಕದ ರಿಯಾದಿನಲ್ಲಿ ನಮ್ಮ ಕಾಲ ಹಾಗಿತ್ತು. ಮಲಾಜ್ ಬಡಾವಣೆಯ ಒಂದು ಹಳೆಯ ವಿಲ್ಲಾವನ್ನೇ ಭಾರತೀಯ ಹೆಣ್ಣುಮಕ್ಕಳ ಶಾಲೆ ಮಾಡಿದ್ದರು. ಸುತ್ತ ಎರಡಾಳೆತ್ತರದ ಗೋಡೆ, ಗೇಟಿನ ಒಳಗೆ ದಪ್ಪ ಪರದೆ, ಹೊರಗೆ ಕುರ್ಚಿ ಹಾಕಿ ಕೂತ ಮುದುಕ ಕಾವಲುಗಾರ. ಅಪ್ಪಂದಿರು ಮಕ್ಕಳನ್ನು ಇಳಿಸಿ, ಚೀಲ ಕೈಗೆ ಕೊಟ್ಟು, ಅಲ್ಲಿಂದಲೇ ಹಿಂದಿರುಗಬೇಕು. ನಾನು ಯಾವ ಬೆಂಚಿನಲ್ಲಿ ಕೂರುತ್ತೇನೆ, ಎಲ್ಲಿ ಕುಂಟೆಬಿಲ್ಲೆ ಆಡುತ್ತೇನೆ ಎಂಬುದೆಲ್ಲ ನನ್ನ ಅಪ್ಪನಿಗೆ ಕೇಳಿ ಗೊತ್ತಿತ್ತೇ ಹೊರತು ನೋಡಿ ಗೊತ್ತಿರಲಿಲ್ಲ.

ಅಪ್ಪ ಬ್ರಹ್ಮಾವರದ ಕಡೆಯವರು, ಒಂದು ಕಂಪನಿಯಲ್ಲಿ ಎಸಿ ಮೆಕ್ಯಾನಿಕ್. ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುವ ಮನುಷ್ಯ. ಊಟಕ್ಕೆ ಕೂತವರು ತುತ್ತು ಅರ್ಧಕ್ಕೆ ನಿಲ್ಲಿಸಿ, "ಕೆಳಗಿನ ಮನೆಯವರ ಎಸಿದು ಬೇರಿಂಗ್ ಹೋಯ್ತು. ಇನ್ನು ಜಾಸ್ತಿ ದಿವಸ ಬರ್ಲಿಕ್ಕಿಲ್ಲ" ಎನ್ನುತ್ತಿದ್ದರು. ಹಾಗೆಯೇ ಆಗುತ್ತಿತ್ತು. ಅಮ್ಮನ ಗೊಣಗಾಟವೂ ಅವರಿಗೆ ಅಷ್ಟೇ ಚೆನ್ನಾಗಿ ಕೇಳುತ್ತಿತ್ತು, ಅದನ್ನು ರಿಪೇರಿ ಮಾಡುವ ವಿದ್ಯೆ ಮಾತ್ರ ಅವರಿಗೆ ಬರುತ್ತಿರಲಿಲ್ಲ.

ನಾನು ಆರನೆಯ ಕ್ಲಾಸಿನಲ್ಲಿದ್ದಾಗ ಆ ಕಂಪನಿ ಸಂಸಾರದವರಿಗೆ ಕೊಟ್ಟಿದ್ದ ಮನೆಗಳನ್ನೆಲ್ಲ ವಾಪಸ್ಸು ತೆಗೆದುಕೊಂಡಿತು. ಕೆಲಸ ಉಳಿಯಬೇಕಿದ್ದರೆ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ ಕೆಲಸಗಾರರ ಕ್ಯಾಂಪಿಗೆ ಹೋಗಬೇಕು. ಫೆಬ್ರವರಿಯಲ್ಲಿ ನಾನೂ ಅಮ್ಮನೂ ಹೊರಡುವುದೆಂದು ನಿಶ್ಚಯವಾಯಿತು. ಹೀಗೆ ಪೆಟ್ಟಿಗೆ ಕಟ್ಟಲು ಶುರುಮಾಡಿದ ಹೊತ್ತಿನಲ್ಲೇ ಗೈಡ್ಸ್ ಮಿಸ್ ನನ್ನನ್ನು ಜನವರಿ ಇಪ್ಪತ್ತಾರರ ಪರೇಡಿಗೆ ಆರಿಸಿದರು.

ನಾನು ಅಂಜುಬುರುಕಿ. ತರಗತಿಯಲ್ಲಿ ನೀರು ಕುಡಿಯಲು ಹೋಗಬೇಕೆಂದು ಕೇಳಲೂ ಬಾಯಿ ಬಾರದವಳು. ಅಂಥವಳು ಪರೇಡಿನಲ್ಲಿ ನಡೆಯುತ್ತಾಳೆಂದರೆ ಅಪ್ಪನಿಗೆ ಹಿಡಿಸಲಾರದಷ್ಟು ಖುಷಿ. "ಹೋಗುವ ಮೊದಲು ಅದೊಂದು ನೋಡ್ಬೇಕಿತ್ತು ಮಾರಾಯ್ತಿ" ಎಂದರು ಅಮ್ಮನಿಗೆ.

"ಹೆಂಗಸರನ್ನು ಮಾತ್ರ ಬಿಡುದು. ನೀವೆಂತ ಗೋಡೆ ಹತ್ತುದಾ?" ಎಂದಳು ಅಮ್ಮ.

"ನೋಡ್ಲಿಕ್ಕೆ ಬಿಡ್ಲಿಕ್ಕಿಲ್ಲ. ಕೇಳ್ಲಿಕ್ಕೆ ಯಾರು ಬೇಡ ಅಂತಾರೆ?"

ಬತ್ಹಾ ಮಾರ್ಕೆಟಿನಿಂದ ನನಗೆ ಕಪ್ಪು ಶೂ ಬಂತು. ಊರಿಗೆ ಹೋದ ಮೇಲೂ ಬರಲೆಂದು ಎರಡು ಸೈಜು ದೊಡ್ಡದು, ಮುಂದೆ ತುರುಕಲು ಹತ್ತಿ. ಅಪ್ಪ ಅದನ್ನು ಬೋರಲು ಹಾಕಿ, ಎಡಗಾಲಿನ ಹಿಮ್ಮಡಿಗೆ ಒಂದು ಚಿಕ್ಕ ಕಬ್ಬಿಣದ ಲಾಳ ಹೊಡೆದರು. ಒಂದೇ ಕಾಲಿಗೆ ಯಾಕೆ ಎಂದು ಕೇಳಿದೆ.

"ಎರಡಕ್ಕೂ ಹೊಡೆದ್ರೆ ಯಾರದ್ದಾದರೂ ಆಗಬಹುದು. ಎಡಗಾಲಿಗೆ ಮಾತ್ರ ಟಕ್ ಅಂದ್ರೆ ಅದು ನನ್ನ ಮಗಳು."

ಮನೆಯಲ್ಲಿ ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು ಇದ್ದುದರಿಂದ ಅಲ್ಲಿ ನಡೆದು ತೋರಿಸಿದರೆ ಸದ್ದೇ ಬರುತ್ತಿರಲಿಲ್ಲ. "ಬೇಡ, ಆ ದಿವಸವೇ ಕೇಳ್ತೇನೆ" ಎಂದರು.

ಶಾಲೆಯ ಹಿಂದಿನ ಸಿಮೆಂಟಿನ ಅಂಗಳದಲ್ಲಿ ತಾಲೀಮು. ಆ ಊರಿನಲ್ಲಿ ಡ್ರಮ್ಮು ಬಾರಿಸುವಂತಿರಲಿಲ್ಲ, ಹಾಗಾಗಿ ಹೆಜ್ಜೆಯೇ ತಾಳ. "ಸಾವಧಾನ್, ತೇಜ್ ಚಲ್" ಎಂದು ಮಿಸ್ ಕೂಗಿದರೂ ಗೋಡೆ ದಾಟದ ಹಾಗೆ ಅಂದಾಜು ಮಾಡಿಯೇ ಕೂಗುತ್ತಿದ್ದರು. ಪಕ್ಕದ ಅಂಗಡಿಯಿಂದ ಖುಬ್ಸ್ ರೊಟ್ಟಿ ಸುಡುವ ವಾಸನೆ ಬಂದು ಹೊಟ್ಟೆ ಚುರುಗುಟ್ಟುತ್ತಿತ್ತು. ಬಿಡುವಾದಾಗ ಎಲ್ಲರೂ ಗೋಡೆಯ ನೆರಳಿಗೆ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ನನ್ನದರಲ್ಲಿ ಖುಬ್ಸಿಗೆ ಚೀಸ್ ಸವರಿ ಮೇಲೆ ಚಟ್ನಿಪುಡಿ ಉದುರಿಸಿದ ಸುರುಳಿ ಇರುತ್ತಿತ್ತು. ಅದಕ್ಕೆ ಕೈಹಾಕುವವಳು ನಮ್ಮ ಲೀಡರ್ ಶೀಬಾ, ಕೇರಳದವಳು, ಒಂಬತ್ತನೆಯ ಕ್ಲಾಸು. ಅವಳು ನಡೆದರೆ ನೆಲಕ್ಕೇ ಭಯವಾಗಬೇಕು, ಹಾಗೆ. ನಾನು ಮೂರನೆಯ ಸಾಲಿನ ಕೊನೆಯಲ್ಲಿ ದೊಡ್ಡ ಶೂ ಎಳೆದುಕೊಂಡು ಹೇಗೋ ಹೊಂದಿಕೊಂಡೆ. ತಪ್ಪದ ಹಾಗೆ ನಡೆಯಲು ಕಲಿತ ದಿನ ಮಿಸ್ ನನ್ನ ಬೆನ್ನು ತಟ್ಟಿದರು. ಆ ಶಾಲೆಯಲ್ಲಿ ಯಾರಾದರೂ ನನ್ನ ಬೆನ್ನು ತಟ್ಟಿದ್ದು ಅದೇ ಮೊದಲು.

ಪರೇಡಿನ ದಿನ ಬೆಳಿಗ್ಗೆ ಚಳಿ ಕೊರೆಯುತ್ತಿತ್ತು. ಅಮ್ಮ ಮೈತುಂಬ ಕಪ್ಪು ಅಬಾಯ ಹಾಕಿಕೊಂಡು ಒಳಗೆ ಹೆಂಗಸರ ಕುರ್ಚಿಗಳ ಕಡೆ ಹೋದಳು. ಅಪ್ಪ ಅರ್ಧ ದಿನದ ರಜೆ ಹಾಕಿ ಬಂದವರು, ಹೊರಗೆ ಗೋಡೆಯ ಉದ್ದಕ್ಕೆ ನಿಂತ ಬೇರೆ ಅಪ್ಪಂದಿರ ನಡುವೆ ಒಂದು ಜಾಗ ಹಿಡಿದರು. "ಗೋಡೆ ಹತ್ತಿರ ಬರುವಾಗ ಗಟ್ಟಿ ಇಡು ಮಗಾ" ಎಂದರು.

ಸಾಲು ಕಟ್ಟುವ ಹೊತ್ತಿಗೆ ಶೀಬಾಳ ಶೂವಿನ ಅಟ್ಟೆ ಪೂರ್ತಿ ಕಿತ್ತು ಬಂತು. ಲೀಡರ್ ಇಲ್ಲದೆ ಪರೇಡ್ ಹೊರಡುವುದಿಲ್ಲ. ಮಿಸ್ ಬಗ್ಗಿ ಎಲ್ಲರ ಕಾಲು ನೋಡುತ್ತ ಬಂದು ನನ್ನೆದುರು ನಿಂತರು.

"ನಿನ್ನ ಶೂ ದೊಡ್ಡದಲ್ವಾ? ಬಿಚ್ಚು."

"ಮಿಸ್, ನಮ್ಮ ಅಪ್ಪ ಹೊರಗೆ..."

"ಬೇಗ ಬೇಗ. ಟೈಮ್ ಇಲ್ಲ."

ಶೀಬಾ ಹತ್ತಿಯನ್ನು ಕಿತ್ತು ನನ್ನ ಕೈಗೆ ಕೊಟ್ಟಳು. ಶೂ ಅವಳಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಕೂತಿತು. ನನ್ನ ಜಾಗವನ್ನು ಮುಚ್ಚಿ ಸಾಲು ಸರಿಮಾಡಿದರು. ನಾನು ಕಾಲುಚೀಲದಲ್ಲಿ, ನೀರಿನ ಕೂಲರ್ ಪಕ್ಕ, ತಣ್ಣಗಿನ ಸಿಮೆಂಟಿನ ಮೇಲೆ ನಿಂತೆ.

ಪರೇಡ್ ಹೊರಟಿತು. ಎಲ್ಲರ ಹೆಜ್ಜೆಯ ನಡುವೆ ಆ ಟಕ್ ಬೇರೆಯೇ ಕೇಳಿಸಿತು. ಗೋಡೆಯ ಹತ್ತಿರ ಹೋದಾಗ ಇನ್ನೂ ಜೋರಾಯಿತು. ಬಾವುಟಕ್ಕೆ ಸೆಲ್ಯೂಟ್ ಹೊಡೆದು ಅವರು ತಿರುಗಿ ಬರುವವರೆಗೂ ನಾನು ಗೋಡೆಯನ್ನೇ ನೋಡುತ್ತಿದ್ದೆ. ಅಳು ಬರಲಿಲ್ಲ. ಹತ್ತಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿದ್ದೆ.

ಮುಗಿದ ಮೇಲೆ ಶೂ ನನ್ನ ಕಾಲಿಗೆ ವಾಪಸ್ಸು ಬಂತು, ಬಿಸಿಯಾಗಿ. ಹೊರಗೆ ಅಪ್ಪ ಪಕ್ಕದವರಿಗೆ ಕೈ ಆಡಿಸಿ ಏನೋ ವಿವರಿಸುತ್ತಿದ್ದರು. ನಮ್ಮನ್ನು ಕಂಡದ್ದೇ, "ಕೇಳಿತು ಮಗಾ. ಎಲ್ಲರಿಗಿಂತ ಮುಂದೆ ಇದ್ದಿ ಅಲ್ವಾ? ಎಂಥಾ ಗತ್ತು. ಇವಳು ಹೆದರ್ತಾಳೆ ಅಂತ ನಾವು ಸುಮ್ನೆ ತಲೆ ಕೆಡಿಸಿಕೊಂಡದ್ದು" ಎಂದರು. ಅವರ ಕಣ್ಣು ಒದ್ದೆಯಾಗಿತ್ತು.

ನಾನು ಬಾಯಿ ತೆರೆದೆ. ಅಮ್ಮ ಅಬಾಯದ ಮರೆಯಿಂದ ನನ್ನ ಕೈ ಅದುಮಿದಳು. "ಹೌದು, ಎದುರೇ ಇದ್ದಳು" ಎಂದಳು. ನನ್ನ ಆ ಕೈಯೊಳಗೆ ಹತ್ತಿ ಇನ್ನೂ ಇತ್ತು.

ಫೆಬ್ರವರಿಯಲ್ಲಿ ನಾವು ಊರಿಗೆ ಬಂದೆವು. ಅಪ್ಪ ಕ್ಯಾಂಪಿಗೆ ಹೋದರು. ಆಗ ಗಲ್ಫಿನ ಮನೆಗಳಲ್ಲಿ ಮಾತನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ಹೋಗಿ ಬರುವವರ ಕೈಯಲ್ಲಿ ಕಳಿಸುವುದಿತ್ತು, ನಿಮಗೂ ನೆನಪಿದ್ದೀತು. ಅಪ್ಪನ ಮೊದಲ ಕ್ಯಾಸೆಟ್ಟಿನಲ್ಲೇ, "ಆ ಶೂ ಹಾಕಿ ನಡೆದು ಅದರ ಸದ್ದು ಕಳಿಸು ಮಗಾ. ಇಲ್ಲಿ ರೂಮಿನಲ್ಲಿ ಕೇಳ್ತೇನೆ" ಎಂದಿತ್ತು. ಬ್ರಹ್ಮಾವರದ ಬಾಡಿಗೆ ಮನೆಯ ಜಗಲಿಯಲ್ಲಿ ಅಮ್ಮ ಟೇಪ್ ರೆಕಾರ್ಡರ್ ಹಿಡಿದಳು. ಇದ್ದ ಶಕ್ತಿಯನ್ನೆಲ್ಲ ಕಾಲಿಗೆ ಇಳಿಸಿ ನಾನು ಆ ಕಡೆಯಿಂದ ಈ ಕಡೆಗೆ ನಡೆದೆ.

ಉತ್ತರ ಬಂತು. ಅಪ್ಪನ ಧ್ವನಿಯ ಹಿಂದೆ ಎಸಿ ಗುರುಗುಡುತ್ತಿತ್ತು. "ಲಾಳ ಅದೇ. ನಡಿಗೆ ಅದಲ್ಲ. ಇಷ್ಟು ಬೇಗ ಹೇಗೆ ಬದಲಾದಿ ಮಗಾ? ನಾನು ಹತ್ತಿರ ಇಲ್ಲ ಅಂತ ಪುನಃ ಹೆದರ್ಲಿಕ್ಕೆ ಶುರು ಮಾಡಿದಿಯಾ?"

ನಾನು ಆ ಮಧ್ಯಾಹ್ನವೇ ಪರೇಡಿನ ದಿನ ನಡೆದದ್ದನ್ನೆಲ್ಲ ಬಿಡಿಸಿ ಹೇಳಿ ಟೇಪ್ ಮಾಡಿದೆ. ಅಮ್ಮ ಅದನ್ನು ಕೇಳಿ, ಹಿಂದಕ್ಕೆ ತಿರುಗಿಸಿ, ಅದರ ಮೇಲೆ ಬಾವಿಯ ನೀರು, ಚಿಕ್ಕಮ್ಮನ ಬಾಣಂತನದ ಸುದ್ದಿಯೆಲ್ಲ ತುಂಬಿದಳು. "ಅಲ್ಲಿ ಅವರ ಹತ್ತಿರ ಇರುದೇ ಅದೊಂದು. ಅದನ್ನೂ ಕಿತ್ಕೊಳ್ಳುದಾ?" ಎಂದಳು. ಅಪ್ಪ ಮತ್ತೆಂದೂ ನಡೆಯಲು ಹೇಳಲಿಲ್ಲ. ಶೂ ನನಗೆ ಸರಿಯಾಗುವ ಹೊತ್ತಿಗೆ ಬೂಸ್ಟು ಹಿಡಿದಿತ್ತು.

ಅವರು ಕೆಲಸ ಬಿಟ್ಟು ಬಂದಾಗ ನನಗೆ ಮದುವೆಯಾಗಿತ್ತು. ಅಷ್ಟು ವರ್ಷ ಕಂಪ್ರೆಸರುಗಳ ನಡುವೆ ನಿಂತು ಕಿವಿ ಎರಡೂ ಹೋಗಿದ್ದವು. ಅಮ್ಮ ತೀರಿಕೊಂಡ ಮೇಲೆ ಮಂಗಳೂರಿನ ನಮ್ಮ ಫ್ಲ್ಯಾಟಿನಲ್ಲೇ ಇದ್ದಾರೆ. ಕಿವಿಗೆ ಮಿಷನ್ ಹಾಕಿದರೆ ಬರೀ ಗಲಾಟೆ ಎಂದು ಕಿತ್ತಿಡುತ್ತಾರೆ. ಒಮ್ಮೆ ಎದುರು ಕೂತು, ಬಾಯಿ ದೊಡ್ಡದು ಮಾಡಿ, ಆ ದಿನ ನಡೆದದ್ದು ನಾನಲ್ಲ ಎಂದು ಕೂಗಿ ಹೇಳಿದೆ. ಅವರು ನನ್ನ ತುಟಿಯನ್ನೇ ನೋಡಿದರು. ಶೂ ಎಂಬುದೊಂದು ತಿಳಿಯಿತೆಂದು ಕಾಣುತ್ತದೆ. ಮುಖ ಅರಳಿತು. "ಹೌದು, ಎಡಗಾಲಿಂದು" ಎಂದು ಮೊಮ್ಮಗನ ಕಡೆ ತಿರುಗಿ, ಗೋಡೆಯಾಚೆಯಿಂದ ಕೇಳಿದ್ದನ್ನು ಮೊದಲಿಂದ ಹೇಳಲು ಶುರುಮಾಡಿದರು. ನಾನು ಎದ್ದು ಹೋದೆ.

ಸಂಜೆ ಬ್ಯಾಂಕಿನ ಕೆಲಸ ಮುಗಿಸಿ ಬಂದು ಬಾಗಿಲು ತೆರೆದು, ಅವರ ಕುರ್ಚಿಯ ಹಿಂದಿನಿಂದಲೇ ಅಡುಗೆಮನೆಗೆ ನಡೆಯುತ್ತೇನೆ. ಕೆಲವೊಮ್ಮೆ ಬೇಕೆಂದೇ ಗಟ್ಟಿಯಾಗಿ ಹೆಜ್ಜೆ ಇಡುತ್ತೇನೆ. ಅವರು ತಿರುಗಿ ನೋಡುವುದಿಲ್ಲ. ಚಹಾ ಹಿಡಿದು ಎದುರಿಗೆ ನಿಂತ ಮೇಲೆ ತಲೆಯೆತ್ತಿ, "ಯಾವಾಗ ಬಂದಿ ಮಗಾ?" ಎನ್ನುತ್ತಾರೆ.