ಕಾಗೆ ಮುಟ್ಟದ ತಿಂಗಳುಗಳು

ಮೊನ್ನೆ ಅಟ್ಟದ ಮೇಲಿನ ಹಳೇ ಕಂಬಳಿಯನ್ನು ನೆನೆಹಾಕಿದೆ. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯುತ್ತಲೇ ಅರಸೀಕೆರೆಯ ನಮ್ಮ ಪಕ್ಕದ ಮನೆ ಅಕ್ಕ ನೆನಪಾದಳು...

ಐವತ್ತರ ದಶಕದ ಕೊನೆ ಇರಬೇಕು, ನನ್ನನ್ನಿನ್ನೂ ಸ್ಕೂಲಿಗೆ ಹಾಕಿರಲಿಲ್ಲ. ಮುಟ್ಟಾದ ಹೆಂಗಸರು ಹಿತ್ತಿಲ ಜಗಲಿಯಲ್ಲಿ ಕಂಬಳಿ ಹಾಸಿಕೊಂಡು ಬೇರೆ ಕೂರಬೇಕು. ಮಕ್ಕಳು ಕೇಳಿದರೆ 'ಕಾಗೆ ಮುಟ್ಟಿದೆ' ಎನ್ನುತ್ತಿದ್ದರು. ಯಾರು ಕೂತರು, ಯಾರು ಕೂರಲಿಲ್ಲ ಎಂಬುದು ಬೀದಿಗೆಲ್ಲ ಬಾಯಿಪಾಠ. ಮದುವೆಯಾದವಳು ಕೂರದಿದ್ದರೆ ಸಿಹಿಸುದ್ದಿ. ಮದುವೆಯಾಗದವಳು ಕೂರದಿದ್ದರೆ... ಎಲುಬಿಲ್ಲದ ನಾಲಿಗೆಗಳಿಗೆ ಅಷ್ಟೇ ಸಾಕಿತ್ತು.

ಅಕ್ಕನಿಗೆ ಬೇಲೂರಿನಲ್ಲಿ ಗಂಡು ಗೊತ್ತಾಗಿತ್ತು. ಆ ವರ್ಷವೇ ಅವಳು ಸೊರಗತೊಡಗಿದಳು. ಸಂಜೆಯಾದರೆ ಮೈ ಬಿಸಿ. ಆದರೂ ತಿಂಗಳು ತಿಂಗಳೂ ತಪ್ಪದೆ ಜಗಲಿಗೆ ಬಂದು ಕೂರುತ್ತಿದ್ದಳು. ಒಂದು ಮಧ್ಯಾಹ್ನ ನಾನು ದೂರ ನಿಂತಿದ್ದನ್ನು ಕಂಡು ಕರೆದಳು.

"ಬಾರೇ, ತೊಡೆ ಮೇಲೆ ಕೂತ್ಕೋ. ನಂಗೆ ಕಾಗೆ ಮುಟ್ಟಿಲ್ಲ ಕಣೇ. ದೀಪಾವಳಿ ಆದಾಗಿಂದ ಮುಟ್ಟೇ ಇಲ್ಲ. ಅಮ್ಮ ಸುಮ್ನೆ ಕೂರಿಸ್ತಾಳೆ."

ತೊಡೆಯೇರಿ ಕೂತು ತೆಂಗಿನ ಮರದಲ್ಲಿ ಕಾಗೆ ಹುಡುಕಿದೆ. ಅವಳು ಅಳುತ್ತಿದ್ದಳು.

ಮುಟ್ಟು ನಿಂತದ್ದು ಗೊತ್ತಾದರೆ ಬಸುರಿ ಎಂದುಬಿಡುತ್ತಾರೆ, ಗಂಡು ಕೈತಪ್ಪುತ್ತದೆ ಎಂಬ ಭಯ ಆ ತಾಯಿಗೆ. ನಿಶ್ಶಕ್ತಿ ಹೆಚ್ಚಾಗಿ ಡಾಕ್ಟರನ್ನು ಕರೆಸಿದಾಗ, "ತಿಂಗಳಿಗೆ ಸರಿಯಾಗಿ ಆಗ್ತಾಳಾ?" ಎಂದು ಅವರು ಕೇಳಿದರಂತೆ. "ಬೇಕಾದ್ರೆ ಬೀದಿಯವ್ರನ್ನೇ ಕೇಳಿ," ಎಂದರಂತೆ ತಾಯಿ. ಪಕ್ಕದಲ್ಲಿದ್ದ ನಮ್ಮಮ್ಮನೂ ಹೌದೆಂದು ತಲೆಯಾಡಿಸಿದಳಂತೆ. ಕಣ್ಣಾರೆ ಕಂಡಿದ್ದಳಲ್ಲ. ಡಾಕ್ಟರು ಟಾನಿಕ್ ಬರೆದುಕೊಟ್ಟು ಹೋದರು.

ಕೆಮ್ಮಿದರೆ ರಕ್ತ ಬೀಳತೊಡಗಿದ ಮೇಲೆ ಹಾಸನಕ್ಕೆ ಕರೆದೊಯ್ದರು. ಅಲ್ಲಿನ ಲೇಡಿ ಡಾಕ್ಟರ ಮುಂದೆ ತಾಯಿ ಕೊನೆಗೂ ನಿಜ ಹೇಳಿದರು. "ಕ್ಷಯ ಕಣಮ್ಮ. ಮುಟ್ಟು ನಿಂತಾಗ್ಲೇ ತೋರಿಸಬಾರ್ದಿತ್ತಾ?" ಎಂದರಂತೆ ಆಕೆ. ಆಗಲೇ ಕೈಮೀರಿತ್ತು. ಮದುವೆಗೆ ತೆಗೆದಿಟ್ಟ ಸೀರೆಯಲ್ಲೇ ಅಕ್ಕನನ್ನು ಮಸಣಕ್ಕೆ ಕಳಿಸಿದರು... ಆ ಬೀದಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ತಾಯಿಯ ಮೇಲೆ ಮಾತ್ರ ಸಿಟ್ಟು ಮಾಡಿಕೊಳ್ಳಲು ನನ್ನಿಂದಾಗದು.

ಕಂಬಳಿ ಹಿಂಡಿ ಒಳಗೆ ಬಂದರೆ, ತನ್ನಪ್ಪ ಪೇಪರ್ ಓದುತ್ತಾ ಕೂತಿದ್ದ ನಡುಮನೆಯಲ್ಲೇ ಮೊಮ್ಮಗಳು, "ಅಜ್ಜಿ, ಎರಡು ತಿಂಗಳಿಂದ ನಂಗೆ ಪೀರಿಯಡ್ಸ್ ಆಗಿಲ್ಲ. ಡಾಕ್ಟರ್ ಹತ್ರ ಹೋಗೋಣ ಬಾ," ಎಂದಳು. ಅವಳಪ್ಪ ತಲೆಯೆತ್ತಿ, "ಕಾರು ತೆಗೀಲಾ?" ಎಂದ.

ಸೀರೆ ಬದಲಿಸಲು ಕೋಣೆಗೆ ಹೋದೆ. ಇದೇ ಮಾತನ್ನು ಹೇಳಿಕೊಳ್ಳಲು ಅಕ್ಕನಿಗೆ ಇಡೀ ಬೀದಿಯಲ್ಲಿ ಸಿಕ್ಕಿದ್ದು, ಮರದಲ್ಲಿ ಕಾಗೆ ಹುಡುಕುತ್ತಿದ್ದ ನಾನೊಬ್ಬಳೇ.