ಮುತ್ತಿನ ವ್ಯಾಪಾರಿಯ ಮನೆಯಲ್ಲೊಂದು ಸನ್ಮಾನ

ನಮ್ಮ ಕರಾವಳಿಯವರು ನಾಲ್ಕು ಜನ ಒಂದು ಕಡೆ ಸೇರಿದರೆ ಸಾಕು, ಐದನೆಯವನಿಗೆ ಶಾಲು ಹೊದೆಸುತ್ತಾರೆ. ದೋಹಾಕ್ಕೆ ಬಂದ ಮೇಲೂ ಈ ಚಟ ಬಿಟ್ಟಿಲ್ಲ. ನಮ್ಮ ಸಂಘದ ಅಧ್ಯಕ್ಷರ ಕಾರಿನ ಡಿಕ್ಕಿಯಲ್ಲಿ ಸ್ಟೆಪ್ನಿ ಇರುತ್ತದೋ ಇಲ್ಲವೋ, ಶಾಲು, ಪೇಟ, ಹಣ್ಣಿನ ಬುಟ್ಟಿ ಮಾತ್ರ ಇದ್ದೇ ಇರುತ್ತದೆ.

ನನ್ನ ಮಗಳಿಗೆ ಆಗಷ್ಟೇ ಹಳೆಯ ಮುತ್ತಿನ ವ್ಯಾಪಾರಿಯೊಬ್ಬನ ಮನೆಯಲ್ಲಿ ಗೈಡ್ ಕೆಲಸ ಸಿಕ್ಕಿತ್ತು. ನಡುವೆ ಅಂಗಳ, ಸುತ್ತ ಕೋಣೆಗಳು. ಇದ್ದಂತೆಯೇ ಉಳಿಸಿ ಜನರಿಗೆ ನೋಡಲು ಬಿಟ್ಟಿದ್ದಾರೆ. ಅವಳಿಗೆ ಆ ಮನೆಯೆಂದರೆ ಜೀವ. ಅಲ್ ಸದ್ದ್‌ನ ನಮ್ಮ ಫ್ಲಾಟಿನಲ್ಲಿ ಕನ್ನಡಿಯೆದುರು ನಿಂತು ಹೇಳಬೇಕಾದದ್ದನ್ನೆಲ್ಲ ಅಭ್ಯಾಸ ಮಾಡುತ್ತಿದ್ದಳು. ಇನ್ನೂ ಪ್ರೊಬೇಷನ್. ಆ ಶುಕ್ರವಾರ ಅವಳೊಬ್ಬಳೇ ತಂಡವನ್ನು ಸುತ್ತಿಸುವುದನ್ನು ನೋಡಿ, ಕೆಲಸ ಕಾಯಂ ಮಾಡುವುದೋ ಬೇಡವೋ ಎಂದು ಸೂಪರ್‌ವೈಸರ್ ಹೇಳುವವರಿದ್ದರು. ವಿಷಯ ತಿಳಿದದ್ದೇ ತಡ, ಅಧ್ಯಕ್ಷರು ನಮ್ಮ ಹುಡುಗಿ, ನಮ್ಮ ಹುಡುಗಿ ಎನ್ನುತ್ತ ಇಡೀ ಸಂಘವನ್ನೇ ಹೊರಡಿಸಿದರು.

ವ್ಯಾಪಾರಿ ಮುತ್ತು ಹೇಗೆ ತೂಗುತ್ತಿದ್ದ ಎಂದು ಅವಳು ವಿವರಿಸುತ್ತಿದ್ದರೆ ಇವರಲ್ಲಿ ಒಬ್ಬರಾದರೂ ಕೇಳಬೇಕಲ್ಲ! ಅಂಗಳದಲ್ಲಿ ಸೆಲ್ಫಿ, ಗೋಡೆಗೊರಗಿ ಮೆಸಯೀದ್‌ನ ಕಾರ್ಖಾನೆಗಳಲ್ಲಿ ಯಾರಿಗೆ ಪ್ರಮೋಷನ್ ಆಯಿತೆಂಬ ಸುದ್ದಿ. ಅತಿಥಿಗಳನ್ನು ಕೂರಿಸುವ ಮಜ್ಲಿಸ್‌ಗೆ ಬಂದಾಗ ಅಧ್ಯಕ್ಷರು ಚೀಲದಿಂದ ಶಾಲು ತೆಗೆದರು. ಸನ್ಮಾನಕ್ಕೆ ಕುರ್ಚಿ ಬೇಕಲ್ಲ, ಯಾರೂ ಮುಟ್ಟದಂತೆ ಅಡ್ಡ ಕಟ್ಟಿದ ಹಗ್ಗದಾಚೆ ವ್ಯಾಪಾರಿಯ ಮರದ ಪೀಠ ಕಂಡಿತು. ಹಗ್ಗ ಎತ್ತಿ ಹಿಡಿದರು.

"ಬೇಡ ಅಂಕಲ್, ಅಲ್ಲಿ ಯಾರೂ ಕೂರುವ ಹಾಗಿಲ್ಲ," ಎಂದಳು ಮಗಳು.

"ಎರಡು ನಿಮಿಷದ ಕೆಲಸ ಮಗಾ. ನಿಂತವರಿಗೆ ಶಾಲು ಹಾಕುವ ಕ್ರಮ ಉಂಟಾ?"

ಬೇಡವೆಂದು ನಾನು ಕೂಗಿದ್ದು ಚಪ್ಪಾಳೆಯಲ್ಲಿ ಮುಳುಗಿತು. ಹೆಂಗಸರಿಬ್ಬರು ಅವಳ ಭುಜ ಹಿಡಿದು ಕೂರಿಸಿಯೇ ಬಿಟ್ಟರು. ಪೇಟ ಕಣ್ಣಿನ ಮೇಲೆ ಜಾರಿತು. ಅಧ್ಯಕ್ಷರ ಭಾಷಣ ಶುರುವಾಯಿತು: ಮಗಳ ಬಗ್ಗೆ ಒಂದು ಮಾತು, ತಮ್ಮ ಬಗ್ಗೆ ಹತ್ತು. ಬಾಗಿಲಲ್ಲಿ ಸೂಪರ್‌ವೈಸರ್ ಬಂದು ನಿಂತದ್ದು ಕಂಡಾಗ ಈ ಮಹಾನುಭಾವರು ಅವರನ್ನೂ ಫೋಟೋಕ್ಕೆ ಕರೆದರು. ಇಂಥ ಬುದ್ಧಿಗೆ ಏನನ್ನಬೇಕು?

ಕೆಲಸ ಹೋಯಿತು. ಮಗಳು ಊಟ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಅವಳು ಪೇಟ ತೊಟ್ಟ ಫೋಟೋ, ಕೆಳಗೆ ಸಾಲು ಸಾಲು ಅಭಿನಂದನೆ. ನನಗೆ ಮೈಯೆಲ್ಲ ಉರಿಯಿತು. ಅಧ್ಯಕ್ಷರಿಗೆ ಫೋನ್ ಮಾಡಿ, ನಿಮ್ಮ ಶಾಲು ನನ್ನ ಮಗಳ ಅನ್ನ ಕಿತ್ತುಕೊಂಡಿತು ಎಂದು ಬಾಯಿಗೆ ಬಂದಂತೆ ಬೈದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಬೇಜಾರ್ ಮಾಡ್ಬೇಡಿ ಅಕ್ಕ," ಎಂದರು. "ಬೇರೆ ಕೆಲಸ ಸಿಗ್ಲಿ. ಈ ಸಲದ ಸನ್ಮಾನ ಸ್ವಲ್ಪ ಸಣ್ಣದಾಯ್ತು, ಆಗ ಸ್ಟೇಜ್ ಹಾಕಿಯೇ ಮಾಡುವ."