ನಗು ಹಾಕಿಸುತ್ತಿದ್ದವರು

ನಮ್ಮ ಓಣಿಯ ಹಾಸ್ಯ ಕಲಾವಿದರೊಬ್ಬರು ವರ್ಷಗಟ್ಟಲೆ ಟಿವಿಯಲ್ಲಿ ನಗೆ ಕಾರ್ಯಕ್ರಮಗಳ ನಿರ್ಮಾಪಕರಾಗಿದ್ದು, ಗಜೇಂದ್ರಗಡಕ್ಕೆ ಮರಳಿ ಮತ್ತೆ ವೇದಿಕೆ ಹತ್ತಿದರು. ಏನು ಕೇಳಿದರೂ ಕೊನೆಗೆ ‘ಖರೇ ಹೇಳು’ ಅನ್ನುತ್ತಿದ್ದರು. ನರಗುಂದದಲ್ಲಿ ಮೊದಲ ಕಾರ್ಯಕ್ರಮ ಮುಗಿಸಿ ಇಳಿದವರೇ ನನ್ನ ತೋಳು ಹಿಡಿದರು.

“ತಮ್ಮಾ, ಮಂದಿ ನಕ್ಕರೇನು? ಖರೇ ಹೇಳು.”

“ಭಾಳ ನಕ್ಕರ್ರಿ ಕಾಕಾ. ನನ್ನ ಹಿಂದಿದ್ದ ಅಜ್ಜನ ಹಲ್ಲಿನ ಸೆಟ್ಟ ಜಾರಿತು. ನಿಮಗ ಕೇಳಲಿಲ್ಲೇನು?”

“ಕೇಳಿತಪಾ. ಆದ್ರ ಟಿವಿಯೊಳಗ ರೆಕಾರ್ಡ್ ನಗು ನಾನ ಹಾಕಿಸ್ತಿದ್ದೆ. ಈಗ ಈ ಕಿವಿ ನಂಬಾಕ ಆಗವಲ್ದು.”

ಸಭಾಂಗಣ ಖಾಲಿಯಾಗುವವರೆಗೆ ಅವರು ಪರದೆಯ ಮರೆಯಲ್ಲಿ ನಿಂತು, ಹೊರಗೆ ಹೋಗುವವರ ಮಾತಿಗೆ ಕಿವಿಗೊಟ್ಟರು.

ಈಗ ಅವರಿಲ್ಲ. ಆ ಸಂಜೆಯ ನಗು ಮಾತ್ರ ನನಗೆ ವರ್ಷದಿಂದ ವರ್ಷಕ್ಕೆ ಜೋರಾಗಿ ಕೇಳುತ್ತದೆ. ಅಂದು ಮಂದಿ ಅಷ್ಟು ನಕ್ಕಿದ್ದರೋ, ಕಾಕಾ ಅವರಿಗಾಗಿ ನಾನೇ ಆ ನಗು ಹಾಕಿಸುತ್ತಿದ್ದೇನೋ, ತಿಳಿಯದು.